ಡಾಲರಿನ ಏರಿಕೆಯೂ ನಮ್ಮ ಗಣಕಯಂತ್ರವೂ

ಗಣಕಯಂತ್ರವನ್ನು ಈಗಲೇ ಕೊಳ್ಳಬೇಕೋ, ಬೆಲೆ ಇಳಿಯುವವರೆಗೆ ಕಾಯಬೇಕೋ ಎಂಬ ಪ್ರಶ್ನೆ ನಮ್ಮ ಸಹಪಾಠಿಗಳಲ್ಲಿ ಅನೇಕರನ್ನು ಕಾಡಿದೆ. 2025ರ ಡಿಸೆಂಬರಿನಲ್ಲಿ ಒಂದು ಡಾಲರಿನ ಬೆಲೆ 90 ರೂಪಾಯಿಗಳನ್ನು ದಾಟಿದಾಗ ಈ ಪ್ರಶ್ನೆ ಇನ್ನಷ್ಟು ತೀವ್ರವಾಯಿತು. ನಾನೂ ಈ ಗೊಂದಲದಲ್ಲಿ ಸಿಕ್ಕಿ ಪೆಟ್ಟು ತಿಂದವನು. ನನಗಿಂತ ಹನ್ನೆರಡು ವರ್ಷ ಮೊದಲು ನಮ್ಮಣ್ಣನೂ ತಿಂದಿದ್ದ. ಅವನು ಅವಸರಪಟ್ಟು ಕೆಟ್ಟ, ನಾನು ಕಾದು ಕೆಟ್ಟೆ. ನಮ್ಮಿಬ್ಬರ ಲೆಕ್ಕವನ್ನೂ ಮುಂದಿಟ್ಟುಕೊಂಡು, ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತದ್ದರ ಬೆಳಕಿನಲ್ಲಿ ಈ ವಿಷಯವನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ.

ಬೆಲೆ ಏಕೆ ಏರುತ್ತದೆ?

ಗಣಕಯಂತ್ರವನ್ನು ನಮ್ಮ ದೇಶದಲ್ಲಿಯೇ ಜೋಡಿಸಿರಬಹುದು. ಆದರೆ ಅದರ ಮಿದುಳಾದ ಪ್ರೊಸೆಸರು, ನೆನಪಿನ ಚಿಪ್ಪುಗಳು, ಪರದೆ ಮುಂತಾದ ಮುಖ್ಯ ಭಾಗಗಳಲ್ಲಿ ಹೆಚ್ಚಿನವು ಹೊರದೇಶದಿಂದ ಬರತಕ್ಕವು. ಅವುಗಳ ಬೆಲೆ ನಿಷ್ಕರ್ಷೆಯಾಗುವುದು ಡಾಲರಿನಲ್ಲಿ. ಭಾರತವು 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿತು. ಅದರ ಪ್ರಕಾರ ಗಣಕಯಂತ್ರದ ಮೇಲಿನ ಮೂಲ ಆಮದು ಸುಂಕವು ಕ್ರಮೇಣ ಸೊನ್ನೆಗೆ ಇಳಿಯಿತು. ಇದು ಗ್ರಾಹಕನಿಗೆ ಲಾಭವೇ ಸರಿ. ಆದರೆ 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆ ಗಣಕಯಂತ್ರದ ಮೇಲೆ ನೂರಕ್ಕೆ 18ರಂತೆ ಬೀಳುತ್ತದೆ. ಈ ತೆರಿಗೆಯನ್ನು ಕಟ್ಟುವುದು ರೂಪಾಯಿಯ ಬೆಲೆಯ ಮೇಲೆ. ಆದುದರಿಂದ ಡಾಲರು ಏರಿದರೆ ಸರಕಿನ ಬೆಲೆಯೊಡನೆ ತೆರಿಗೆಯ ಮೊತ್ತವೂ ಏರುತ್ತದೆ.

ಇಲ್ಲಿ ನಮ್ಮಂಥ ವಿದ್ಯಾರ್ಥಿಗಳು ಎಡವುವ ಒಂದು ಸ್ಥಳವುಂಟು. 1966ರ ಜೂನ್ 6ರಂದು ಸರಕಾರವು ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ಅದುವರೆಗೆ 4.76 ರೂಪಾಯಿ ಇದ್ದ ಡಾಲರು ಒಮ್ಮೆಲೇ 7.50 ಆಯಿತು. ರೂಪಾಯಿಯ ಬೆಲೆ ನೂರಕ್ಕೆ 36.5ರಷ್ಟು ಇಳಿಯಿತೆಂದು ಪುಸ್ತಕಗಳಲ್ಲಿ ಓದುತ್ತೇವೆ. ವಿದೇಶದ ಸರಕಿನ ಬೆಲೆಯೂ ಅಷ್ಟೇ ಏರಿತೆಂದು ಭಾವಿಸುತ್ತೇವೆ. ಹಾಗಲ್ಲ. ನೂರು ಡಾಲರಿನ ಸರಕಿಗೆ ಮೊದಲು 476 ರೂಪಾಯಿ, ಬಳಿಕ 750 ರೂಪಾಯಿ; ಅಂದರೆ ಏರಿಕೆ ನೂರಕ್ಕೆ 57.5ಕ್ಕೂ ಸ್ವಲ್ಪ ಹೆಚ್ಚು. ಇಳಿತವನ್ನು ಅಳೆಯುವ ಕೋಲು ಬೇರೆ, ಏರಿಕೆಯನ್ನು ಅಳೆಯುವ ಕೋಲು ಬೇರೆ.

1991ರ ಜುಲೈ 1 ಮತ್ತು 3ರಂದು ಎರಡು ಹೆಜ್ಜೆಗಳಲ್ಲಿ ಮತ್ತೆ ಅಪಮೌಲ್ಯವಾಗಿ, 21ರ ಆಸುಪಾಸಿನಲ್ಲಿದ್ದ ಡಾಲರು 26ರ ಸಮೀಪಕ್ಕೆ ಬಂತು. 1993ರ ಮಾರ್ಚಿನಿಂದ ದರವನ್ನು ಪೇಟೆಯೇ ನಿರ್ಧರಿಸತೊಡಗಿತು. ಈ ಭೇದವನ್ನು ಮನಸ್ಸಿನಲ್ಲಿಡಬೇಕು. ಹಿಂದೆ ಒಂದೇ ರಾತ್ರಿಯಲ್ಲಿ ದೊಡ್ಡ ಜಿಗಿತ. ಅದು ಬರುವುದೆಂದು ಮೊದಲೇ ತಿಳಿಯುವುದು ಸಾಮಾನ್ಯನಿಗೆ ಅಸಾಧ್ಯ. ಈಗ ದಿನದಿನವೂ ಸಣ್ಣ ಸಣ್ಣ ಏರಿಳಿತ. ಅದು ನಾಳೆ ಯಾವ ಕಡೆಗೆ ತಿರುಗುವುದೆಂದು ಪಂಡಿತರಿಗೂ ಹೇಳಲಾಗದು.

ಅವಸರದ ಲೆಕ್ಕ

2013ರ ಮೇ ತಿಂಗಳ ಮೊದಲಲ್ಲಿ ಡಾಲರು 54ರ ಆಸುಪಾಸಿನಲ್ಲಿತ್ತು. ಆಗಸ್ಟ್ 28ರಂದು ಅದು 68 ರೂಪಾಯಿಯನ್ನೂ ಮೀರಿತು. ನಮ್ಮಣ್ಣನಿಗೆ ಆಗ ಡಿಪ್ಲೊಮಾದ ಕೊನೆಯ ವರ್ಷ. ಜೂನಿನಲ್ಲಿ 31,500 ರೂಪಾಯಿ ಹೇಳಿದ್ದ ಯಂತ್ರಕ್ಕೆ ಅಂಗಡಿಯವರು ಆಗಸ್ಟಿನ ಕೊನೆಯಲ್ಲಿ 34,000 ಹೇಳಿದರು. ಡಾಲರು 75 ಆಗುತ್ತದೆಂಬ ಮಾತು ಎಲ್ಲರ ಬಾಯಲ್ಲಿಯೂ ಇತ್ತು. ಅಣ್ಣನು ಹೆದರಿ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ 30,000 ಕೈಸಾಲ ತಂದು ಯಂತ್ರವನ್ನು ಕೊಂಡನು. ಸೆಪ್ಟೆಂಬರಿನಲ್ಲಿ ರೂಪಾಯಿ ಚೇತರಿಸಿಕೊಂಡಿತು. ವರ್ಷದ ಕೊನೆಗೆ ಡಾಲರು 62ರ ಹತ್ತಿರ ನಿಂತಿತು. ಸಂಕ್ರಾಂತಿಯ ಹೊತ್ತಿಗೆ ಅದೇ ಯಂತ್ರ 32,500ಕ್ಕೆ ದೊರೆಯುತ್ತಿತ್ತು. ಸಾಲ ತೀರಿದ್ದು ಯುಗಾದಿಗೆ. ಏಳು ತಿಂಗಳ ಬಡ್ಡಿ 4,200 ರೂಪಾಯಿ.

ಇದರಲ್ಲಿ ಎರಡು ಪಾಠಗಳಿವೆ. ಡಾಲರು 68ರಿಂದ 62ಕ್ಕೆ ಇಳಿದರೂ ಯಂತ್ರದ ಬೆಲೆ ಜೂನಿನ ಮಟ್ಟಕ್ಕೆ ಮರಳಲಿಲ್ಲ. ಏರುವಾಗ ಬೇಗ, ಇಳಿಯುವಾಗ ನಿಧಾನ ಎಂಬುದು ಅಂಗಡಿಯ ಬೆಲೆಯ ಸ್ವಭಾವ. ಎರಡನೆಯದಾಗಿ, ಅಣ್ಣನಿಗೆ ಡಾಲರಿಗಿಂತ ಬಡ್ಡಿಯೇ ಭಾರವಾಯಿತು.

ಕಾದವನ ಲೆಕ್ಕ

ಈಗ ನನ್ನ ಕಥೆ. 2025ರ ಮೇ ತಿಂಗಳ ಆರಂಭದಲ್ಲಿ ಡಾಲರು 84ರ ಆಸುಪಾಸಿನಲ್ಲಿತ್ತು. ನನಗೆ ಬೇಕಾದ ಯಂತ್ರಕ್ಕೆ ದಾವಣಗೆರೆಯಲ್ಲಿ ತೆರಿಗೆ ಸೇರಿ 47,200 ರೂಪಾಯಿ ಹೇಳಿದರು. ಟಗರುಗಳನ್ನು ಮಾರಿದ ಹಣವೂ ನನ್ನ ವಿದ್ಯಾರ್ಥಿವೇತನವೂ ಸೇರಿ ಅಷ್ಟು ಹಣ ಮನೆಯಲ್ಲಿತ್ತು. ಆದರೆ ಡಾಲರು ಇಳಿಯುತ್ತಿದೆ, ಇನ್ನೂ ಇಳಿಯಬಹುದು, ದೀಪಾವಳಿಗೆ ರಿಯಾಯಿತಿಯೂ ಸಿಗಬಹುದು ಎಂದು ನಾನು ಅಪ್ಪನನ್ನು ತಡೆದೆ. ಜೂನಿನಲ್ಲಿ ಮಳೆಯಾಯಿತು. ಬೀಜ, ಗೊಬ್ಬರ, ಬೋರಿನ ಮೋಟಾರಿನ ದುರಸ್ತಿ ಇವುಗಳಿಗೆ ಆ ಹಣ ಕರಗಿತು. ಒಕ್ಕಲುತನದ ಮನೆಯಲ್ಲಿ ಕಾಯುವ ಹಣ ಕಾಯುತ್ತ ಕೂರುವುದಿಲ್ಲ ಎಂಬುದು ನನ್ನ ಲೆಕ್ಕದಲ್ಲಿ ಸೇರಿರಲಿಲ್ಲ. ದೀಪಾವಳಿಯ ರಿಯಾಯಿತಿ ಬಂದಾಗ ಕೈ ಬರಿದಾಗಿತ್ತು. ನವೆಂಬರಿನಲ್ಲಿ ಮೆಕ್ಕೆಜೋಳ ಬಂತು. ಆದರೆ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ ಎಂದಿದ್ದರೂ ನಮ್ಮ ಜೋಳ ಮಾರಿದ್ದು 1,800ಕ್ಕೆ. ಡಿಸೆಂಬರಿನಲ್ಲಿ ಡಾಲರು 90 ದಾಟಿತು. ಅದೇ ಸಮಯಕ್ಕೆ, ಕೃತಕ ಬುದ್ಧಿಮತ್ತೆಯ ಬೃಹತ್ ಯಂತ್ರಾಗಾರಗಳ ಬೇಡಿಕೆಯಿಂದ ನೆನಪಿನ ಚಿಪ್ಪುಗಳ ಬೆಲೆ ಜಗತ್ತಿನಾದ್ಯಂತ ಏರಿತು. 2026ರ ಜನವರಿಯಲ್ಲಿ ಆ ಯಂತ್ರಕ್ಕೆ 51,500 ಹೇಳಿದರು.

ಈ ಏರಿಕೆಯಲ್ಲಿ ಡಾಲರಿನ ಪಾಲೆಷ್ಟು? ತೆರಿಗೆಗೆ ಮುಂಚಿನ ಬೆಲೆ 40,000 ಎಂದೂ, ಅದರಲ್ಲಿ ಡಾಲರಿಗೆ ಅಂಟಿದ ಭಾಗ 30,000 ಎಂದೂ ಇಟ್ಟುಕೊಳ್ಳೋಣ. ಡಾಲರು 84ರಿಂದ 90 ಆದರೆ ಆ 30,000 ಸುಮಾರು 32,143 ಆಗುತ್ತದೆ. ಏರಿದ 2,143ರ ಮೇಲೆ ತೆರಿಗೆ 386. ಒಟ್ಟು 2,529 ರೂಪಾಯಿ. ನನ್ನಿಂದ ಹೆಚ್ಚಾಗಿ ಕೇಳಿದ್ದು 4,300. ಮಿಕ್ಕ ಅಂಶಕ್ಕೆ ಚಿಪ್ಪಿನ ಅಭಾವವೂ ವ್ಯಾಪಾರದ ಇತರ ಕಾರಣಗಳೂ ಹೊಣೆ. 2011ರಲ್ಲಿಯೂ ಥಾಯ್ಲೆಂಡಿನ ಪ್ರವಾಹದಿಂದ ಅಲ್ಲಿನ ಕಾರ್ಖಾನೆಗಳು ಮುಳುಗಿ ಹಾರ್ಡ್ ಡಿಸ್ಕುಗಳ ಬೆಲೆ ಏರಿತ್ತು. ಎಲ್ಲ ಏರಿಕೆಯನ್ನೂ ಡಾಲರಿನ ತಲೆಗೆ ಕಟ್ಟುವುದು ಸರಿಯಲ್ಲ.

ಇನ್ನು ಇದೇ ಲೆಕ್ಕವನ್ನು ಜೋಳದಲ್ಲಿ ಹಾಕಿ ನೋಡಿದೆ; ಆಗ ನನ್ನ ಕಣ್ಣು ತೆರೆಯಿತು. 47,200ರ ಯಂತ್ರಕ್ಕೆ 2,400ರ ದರದಲ್ಲಿ 20 ಕ್ವಿಂಟಾಲಿಗಿಂತ ಕಡಿಮೆ ಜೋಳ ಸಾಕು; 1,800ರ ದರದಲ್ಲಿ 26 ಕ್ವಿಂಟಾಲಿಗೂ ಹೆಚ್ಚು ಬೇಕು. ಅಂತರ ಆರೂವರೆ ಕ್ವಿಂಟಾಲು. ಡಾಲರು ನಮ್ಮಿಂದ ಕಿತ್ತುಕೊಂಡದ್ದಾದರೋ ಇದೇ ದರದಲ್ಲಿ ಒಂದೂವರೆ ಕ್ವಿಂಟಾಲನ್ನೂ ಮುಟ್ಟುವುದಿಲ್ಲ. ಪತ್ರಿಕೆಯಲ್ಲಿ ದಿನವೂ ಡಾಲರಿನ ದರವನ್ನು ಓದುತ್ತಿದ್ದ ನಾನು ಮಂಡಿಯ ದರವನ್ನು ಓದದೆ ಹೋದೆ. ಮಳೆಯಾಶ್ರಯದ ಜಗಳೂರು ಸೀಮೆಯವರಿಗೆ ಗಣಕಯಂತ್ರದ ನಿಜವಾದ ಬೆಲೆ ನಿಷ್ಕರ್ಷೆಯಾಗುವುದು ನ್ಯೂಯಾರ್ಕಿನಲ್ಲಿ ಅಷ್ಟಲ್ಲ, ದಾವಣಗೆರೆಯ ಮಾರುಕಟ್ಟೆಯಲ್ಲಿ.

ಹಾಗಾದರೆ ಕೊಳ್ಳುವ ಕಾಲ ಯಾವುದು?

ಮೊದಲು, ಅಗತ್ಯ ಎಂದಿಗೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಯಂತ್ರವಿಲ್ಲದ ತಿಂಗಳುಗಳಿಗೂ ಬೆಲೆಯುಂಟು. ನನ್ನ 60 ಪುಟಗಳ ಯೋಜನಾ ವರದಿಗೆ ಪುಟಕ್ಕೆ 30 ರೂಪಾಯಿಯಂತೆ ಬೆರಳಚ್ಚಿನ ಖರ್ಚೇ 1,800 ಆಯಿತು. ತಿದ್ದಿಸಲು ಹಳ್ಳಿಯಿಂದ ಓಡಾಡಿದ ದಿನಗಳು ಬೇರೆ. ಬೇಕಾದ ಕಾಲ ಬಂದು, ಹಣ ನಮ್ಮದೇ ಆಗಿದ್ದರೆ ಡಾಲರಿನ ಮುಖ ನೋಡದೆ ಕೊಳ್ಳುವುದು ಲೇಸು.

ಎರಡನೆಯದಾಗಿ, ಸಾಲ ಮಾಡಬೇಕಾದರೆ ದಿನಗಳನ್ನು ಎಣಿಸಬೇಕು. 47,200ಕ್ಕೆ ನೂರಕ್ಕೆ ಎರಡರಂತೆ ತಿಂಗಳ ಬಡ್ಡಿ 944. ಡಾಲರಿನಿಂದ ಆಗಬಹುದಾದ 2,529ರ ನಷ್ಟವನ್ನು ತಪ್ಪಿಸಿಕೊಂಡ ಲಾಭವು ಮೂರು ತಿಂಗಳು ತುಂಬುವ ಮೊದಲೇ ಬಡ್ಡಿಗೆ ಬಲಿಯಾಗುತ್ತದೆ. 1991ರ 26ರಿಂದ 2025ರ 90ರವರೆಗೆ ಡಾಲರು ಏರಿದ್ದು ಸರಾಸರಿ ವರ್ಷಕ್ಕೆ ನೂರಕ್ಕೆ 4ಕ್ಕಿಂತಲೂ ಕಡಿಮೆ. ಕೈಸಾಲದ ಬಡ್ಡಿ ವರ್ಷಕ್ಕೆ ನೂರಕ್ಕೆ 24. ಯಾವುದಕ್ಕೆ ಹೆಚ್ಚು ಹೆದರಬೇಕೆಂಬುದು ಇದರಿಂದಲೇ ಸ್ಪಷ್ಟ.

ಮೂರನೆಯದಾಗಿ, ಡಾಲರು ಹಠಾತ್ತನೆ ಏರಿದಾಗ ಅಂಗಡಿಯಲ್ಲಿರುವ ದಾಸ್ತಾನು ಹಳೆಯ ದರದಲ್ಲಿ ಬಂದದ್ದಾಗಿರುತ್ತದೆ. ಅದು ತೀರುವವರೆಗಿನ ಕೆಲವು ವಾರಗಳಲ್ಲಿ ಎರಡು ಮೂರು ಅಂಗಡಿಗಳನ್ನು ವಿಚಾರಿಸಿದರೆ ಹಳೆಯ ಬೆಲೆಗೇ ಸಿಗುವ ಸಂಭವವುಂಟು. ಕೈಯಲ್ಲಿ ಹಣವಿದ್ದವರು ಮಾತ್ರ ಈ ಅವಸರವನ್ನು ಮಾಡಬಹುದು.

ನಾಲ್ಕನೆಯದಾಗಿ, ಅಗತ್ಯಕ್ಕೆ ಮೀರಿದ ಯಂತ್ರ ಬೇಡ. ಕಲಾ ವಿಭಾಗದ ವಿದ್ಯಾರ್ಥಿಗೆ ಬೇಕಾದದ್ದು ಕನ್ನಡ ಬೆರಳಚ್ಚು, ಅಂಕಿ ಅಂಶದ ಕೋಷ್ಟಕ, ಅಂತರ್ಜಾಲದ ಓದು ಇಷ್ಟೆ. ನಾನು ಕೊನೆಗೆ ಕಚೇರಿಯೊಂದರಲ್ಲಿ ಬಳಸಿ ಬಿಟ್ಟ, ದುರಸ್ತಿ ಮಾಡಿದ ಯಂತ್ರವನ್ನು ಆರು ತಿಂಗಳ ಭರವಸೆಯೊಡನೆ 22,000ಕ್ಕೆ ಕೊಂಡೆ. ಈ ಲೇಖನವನ್ನು ಬರೆದದ್ದು ಅದರಲ್ಲಿಯೇ. ಮೇ ತಿಂಗಳಲ್ಲಿಯೇ ಈ ಬುದ್ಧಿ ಬಂದಿದ್ದರೆ ಬೆರಳಚ್ಚಿನ ಖರ್ಚೂ ಉಳಿಯುತ್ತಿತ್ತು, ಬೀಜ ಗೊಬ್ಬರಕ್ಕೂ ಹಣ ಮಿಗುತ್ತಿತ್ತು.

ನನ್ನ ತಪ್ಪನ್ನು ಅಪ್ಪನಿಗೆ ಒಪ್ಪಿಸಿದಾಗ ಅವರು ಬೈಯಲಿಲ್ಲ. “ಇಡೀ ಮುಂಗಾರು ಹೆಂಗಾಗುತ್ತೆ ಅಂತ ತಿಳಕೊಂಡು ಯಾರಪ್ಪಾ ಬಿತ್ತಾರೆ? ಹದ ಬಂದಾಗ ಬಿತ್ತಬೇಕು” ಎಂದಷ್ಟೇ ಹೇಳಿದರು. ನೆಲದಲ್ಲಿ ಹಸಿ, ಮನೆಯಲ್ಲಿ ಬೀಜ ಎರಡೂ ಕೂಡಿದ ದಿನವೇ ರೈತನಿಗೆ ಹದ. ಅಗತ್ಯವೂ ಸಾಲವಲ್ಲದ ಹಣವೂ ಕೂಡಿದ ದಿನವೇ ವಿದ್ಯಾರ್ಥಿಗೆ ಗಣಕಯಂತ್ರ ಕೊಳ್ಳುವ ಹದ. ಮುಂದಿನ ವರ್ಷ ಕೊಳ್ಳಲಿರುವ ಮಿತ್ರರು ಒಂದು ಹಾಳೆಯನ್ನು ತೆಗೆದುಕೊಂಡು, ಡಾಲರಿನ ಏರಿಕೆ, ಬಡ್ಡಿ, ಮನೆಯ ಬೆಳೆಯ ದರ ಈ ಮೂರನ್ನೂ ಪಕ್ಕಪಕ್ಕದಲ್ಲಿ ಬರೆದು ನೋಡಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.