ಹಂಚು ಹಾರಿದ ಮೇಲೆ ವಿಮೆ: ಹಿರಿಯನೊಬ್ಬನ ಕಿವಿಮಾತು

ಬೈಕಿಗೆ ವಿಮೆ ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಾರೆ, ಅದಕ್ಕೇ ವರ್ಷ ವರ್ಷ ತಪ್ಪದೆ ಕಟ್ಟುತ್ತೇವೆ. ಮನೆಗೆ ಹಿಡಿಯುವವರಿಲ್ಲ, ಹಾಗಾಗಿ ಕಟ್ಟುವವರೂ ಕಡಿಮೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಬದಿಯಲ್ಲೇ ಹಾದುಹೋದಾಗ ಮಾಡು ಕಳೆದುಕೊಂಡವರಲ್ಲಿ ಕೆಲವರಿಗೆ ತಮ್ಮ ಮನೆಗೆ ವಿಮೆ ಇದೆಯೋ ಇಲ್ಲವೋ ಅನ್ನುವುದೇ ಗೊತ್ತಿರಲಿಲ್ಲ. ಹೊಸ ಮನೆ ಕಟ್ಟಿದ, ಹಳೆ ಮನೆ ಉಳಿಸಿಕೊಂಡ ಕಿರಿಯರಿಗೆ ನಾಲ್ಕು ಮಾತು ಹೇಳುತ್ತೇನೆ. ಕೇಳುವುದು ಬಿಡುವುದು ನಿಮಗೆ ಬಿಟ್ಟದ್ದು.

• ಮೊದಲು ವಿಮೆ ಇದೆಯೇ ನೋಡಿ. ಸಾಲ ಮಾಡಿ ಮನೆ ಕಟ್ಟಿದ್ದರೆ ಬ್ಯಾಂಕಿನವರು ಏನೋ ಒಂದು ಪಾಲಿಸಿ ಮಾಡಿಸಿರುತ್ತಾರೆ. ಅದು ಮನೆಯ ವಿಮೆಯೋ, ಸಾಲಗಾರ ತೀರಿಹೋದರೆ ಸಾಲ ತೀರಿಸುವ ಜೀವವಿಮೆಯೋ ಎಂದು ಕೇಳಿ ತಿಳಿದುಕೊಳ್ಳಿ. ಎರಡನೆಯದಾದರೆ ಹಂಚು ಹಾರಿದರೂ ಒಂದು ರೂಪಾಯಿ ಬರುವುದಿಲ್ಲ. ಮನೆಯದ್ದೇ ಆದರೆ ಪಾಲಿಸಿಯ ಒಂದು ಪ್ರತಿಯನ್ನು ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು.

• ಹೊಸದಾಗಿ ಮಾಡಿಸುವವರು ‘ಭಾರತ್ ಗೃಹ ರಕ್ಷಾ’ ಎಂದೇ ಕೇಳಿ. ವಿಮಾ ನಿಯಂತ್ರಣ ಪ್ರಾಧಿಕಾರ 2021ರ ಏಪ್ರಿಲ್ 1ರಿಂದ ತಂದ ಪಾಲಿಸಿ ಇದು. ಯಾವ ಕಂಪನಿಯಲ್ಲಿ ತೆಗೆದುಕೊಂಡರೂ ಮೂಲ ನಿಯಮ ಒಂದೇ. ಬಿರುಗಾಳಿ, ಚಂಡಮಾರುತ, ನೆರೆ, ಸಿಡಿಲು, ಗುಡ್ಡ ಕುಸಿತ, ಮರ ಬಿದ್ದು ಆಗುವ ಹಾನಿ ಎಲ್ಲ ಇದರೊಳಗೆ ಬರುತ್ತದೆ. ನೆರೆಮನೆಯವರ ತೆಂಗಿನ ಮರ ನಿಮ್ಮ ಮಾಡಿನ ಮೇಲೆ ಬಿದ್ದರೆ ಅವರೊಡನೆ ಜಗಳಕ್ಕೆ ಹೋಗುವ ಮೊದಲು ಪಾಲಿಸಿ ತೆಗೆದು ನೋಡಿ.

• ಎಷ್ಟಕ್ಕೆ ಮಾಡಿಸಬೇಕು? ಜಾಗದ ಬೆಲೆ ಸೇರಿಸಬೇಡಿ, ಗಾಳಿಗೆ ಜಾಗ ಹಾರುವುದಿಲ್ಲ. ಮನೆಯ ಒಳವಿಸ್ತೀರ್ಣವನ್ನು ಚದರಡಿಗೆ ಇವತ್ತು ಬೀಳುವ ಕಟ್ಟುವ ಖರ್ಚಿನಿಂದ ಗುಣಿಸಿದರೆ ಸಿಗುವ ಮೊತ್ತವೇ ಸರಿ. ಹಳೆಯ ಬೆಂಕಿ ವಿಮೆ ಪಾಲಿಸಿಗಳಲ್ಲಿ ಒಂದು ತೊಡಕಿತ್ತು. ಇಪ್ಪತ್ತು ಲಕ್ಷದ ಮನೆಗೆ ಹತ್ತು ಲಕ್ಷದ ವಿಮೆ ಮಾಡಿಸಿದ್ದರೆ ಎಂಬತ್ತು ಸಾವಿರದ ನಷ್ಟಕ್ಕೂ ನಲವತ್ತೇ ಸಾವಿರ ಕೊಡುತ್ತಿದ್ದರು. ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲ. ಆದರೂ ಮೊತ್ತ ಕಡಿಮೆ ಬರೆಸಿ ಕಂತು ಉಳಿಸುವ ಜಾಣತನ ಬೇಡ. ಮನೆ ಪೂರ್ತಿ ಹೋದರೆ ಬರೆಸಿದಷ್ಟೇ ಕೈಗೆ ಬರುವುದು.

• ಟೆರೇಸಿನ ಮೇಲೆ ಹಾಕಿಸಿದ ಶೀಟಿನ ಮಾಡನ್ನು ಮರೆಯಬೇಡಿ. ನಮ್ಮ ಕಡೆ ಆರ್‌ಸಿಸಿ ಮನೆ ಮಳೆಗೆ ಸೋರುತ್ತದೆಂದು ಮೇಲೆ ಕಬ್ಬಿಣದ ಚೌಕಟ್ಟು ಕಟ್ಟಿ ತಗಡು ಶೀಟು ಹೊದಿಸುವುದು ಮಾಮೂಲು. ಗಾಳಿ ಮೊದಲು ಎತ್ತುವುದು ಅದನ್ನೇ. ಪಾಲಿಸಿ ಮಾಡಿಸಿದ ಮೇಲೆ ಶೀಟು ಹಾಕಿಸಿದ್ದರೆ ಕಂಪನಿಗೆ ಬರೆದು ತಿಳಿಸಿ, ಉತ್ತರ ಇಟ್ಟುಕೊಳ್ಳಿ. ಮುಳಿಹುಲ್ಲು, ಸೋಗೆ, ಟರ್ಪಾಲಿನ ಮಾಡು ವಿಮೆಯ ಲೆಕ್ಕದಲ್ಲಿ ಕಚ್ಚಾ ಕಟ್ಟಡ. ಅದನ್ನು ಮುಚ್ಚಿಟ್ಟು ಪಾಲಿಸಿ ಮಾಡಿಸಿದರೆ ಕಂತು ಕಟ್ಟಿದ್ದೂ ದಂಡ.

• ಬೇಸಿಗೆಯಲ್ಲೇ ಮಾಡಿನ ಫೋಟೋ ತೆಗೆದಿಡಿ. ನಾನು ಹೇಳುವುದರಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ವಿಮೆ ದುಡ್ಡು ಕೊಡುವುದು ಗಾಳಿ ಮಾಡಿದ ಹಾನಿಗೆ. ಹಳೆಯದಾಗಿ ಸವೆದದ್ದಕ್ಕೆ, ವರ್ಷಗಟ್ಟಲೆ ಸೋರಿ ಕೊಳೆತದ್ದಕ್ಕೆ ಕೊಡುವುದಿಲ್ಲ. ಹೆಚ್ಚಿನ ತಕರಾರು ಹುಟ್ಟುವುದೇ ಇಲ್ಲಿ. ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸಿದ ಕೂಲಿಯ ಚೀಟಿ, ಹಂಚಿನಡಿಯ ರೀಪು ಬದಲಿಸಿದ ಮರದಂಗಡಿಯ ಬಿಲ್ಲು, ನಾಲ್ಕು ದಿಕ್ಕಿನಿಂದಲೂ ಅಟ್ಟದ ಒಳಗಿನಿಂದಲೂ ತೆಗೆದ ಫೋಟೋ, ಇಷ್ಟಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

• ರಾತ್ರಿ ಗಾಳಿಗೆ ವಿದ್ಯುತ್ ತಂತಿ ಶೀಟಿನ ಮೇಲೆ ಬಿದ್ದಿದ್ದರೆ ಹತ್ತಿರ ಸುಳಿಯಬೇಡಿ. 1912ಕ್ಕೆ ಫೋನ್ ಮಾಡಿ. ವಿಮೆಯ ಮಾತು ಆಮೇಲೆ.

• ಬೆಳಗ್ಗೆ ಹಿಡಿಸೂಡಿ ಹಿಡಿಯುವ ಮೊದಲು ಮೊಬೈಲು ಹಿಡಿಯಿರಿ. ಮನೆ ಪೂರ್ತಿ ಕಾಣುವ ಹಾಗೆ ಒಂದು, ಬಿದ್ದ ಮರ ಮಾಡಿನ ಮೇಲಿರುವಾಗಲೇ ಒಂದು, ಒಳಗೆ ನೀರು ಇಳಿದ ಗೋಡೆ, ನೆನೆದ ಹಾಸಿಗೆ, ಹಾಳಾದ ಟಿವಿ. ವಾಟ್ಸ್ಆ್ಯಪಿನಲ್ಲಿ ಕಳಿಸಿ ಮೂಲ ಫೋಟೋ ಅಳಿಸಬೇಡಿ, ದಿನಾಂಕ ಇರುವುದು ಮೂಲದಲ್ಲೇ. ಆಮೇಲೆ ಟರ್ಪಾಲು ಹೊದಿಸಿ. ಹಾನಿ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಬರಲಿ ಎಂದು ಮಾಡು ತೆರೆದೇ ಇಟ್ಟು ಇನ್ನಷ್ಟು ನೀರು ಕುಡಿಸಿದರೆ ಆ ಹೆಚ್ಚುವರಿ ಹಾನಿ ನಿಮ್ಮ ತಲೆಗೇ ಬರುತ್ತದೆ. ಟರ್ಪಾಲಿನ ಬಿಲ್ಲು ಜೋಪಾನ. ಒಡೆದ ಹಂಚು, ಮುದುಡಿದ ಶೀಟನ್ನು ಅಂಗಳದ ಮೂಲೆಯಲ್ಲಿ ರಾಶಿ ಹಾಕಿ. ಗುಜರಿಯವನು ಬಂದರೆ ನಾಳೆ ಬಾ ಎನ್ನಿ.

• ಅದೇ ದಿನ ಕಂಪನಿಗೆ ತಿಳಿಸಿ. ಏಜೆಂಟನಿಗೆ ಹೇಳಿದರೆ ಕಂಪನಿಗೆ ಹೇಳಿದಂತಾಯಿತು ಎಂದುಕೊಳ್ಳಬೇಡಿ. ಫೋನಿನ ಜೊತೆ ಒಂದು ಇಮೇಲ್ ಇರಲಿ, ಕ್ಲೇಮ್ ನಂಬರ್ ಬರೆದುಕೊಳ್ಳಿ. ಹಾನಿ ಕಂಡ 30 ದಿನದೊಳಗೆ ಕ್ಲೇಮ್ ಫಾರಂ ಕೊಡಬೇಕು.

• ಗ್ರಾಮ ಆಡಳಿತಾಧಿಕಾರಿಯನ್ನು ಕರೆಸಿ ಮಹಜರು ಮಾಡಿಸಿ. ಪ್ರಕೃತಿ ವಿಕೋಪದ ಸರ್ಕಾರಿ ಪರಿಹಾರಕ್ಕೆ ಅದು ಬೇಕೇ ಬೇಕು, ವಿಮೆಗೂ ಒಳ್ಳೆಯ ಸಾಕ್ಷಿ. ಸರ್ಕಾರದ್ದು ಎಷ್ಟು ಸಿಗುತ್ತದೆ ಎನ್ನುತ್ತೀರಾ? 2022–26ರ ಕೇಂದ್ರ ಮಾನದಂಡದಲ್ಲಿ ಕನಿಷ್ಠ ಶೇ. 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000. ರಾಜ್ಯ ಸರ್ಕಾರ ಕೆಲವು ವರ್ಷ ಮೇಲೆ ಸೇರಿಸಿ ಕೊಟ್ಟದ್ದುಂಟು. ಅದನ್ನೇ ನಂಬಿ ಕೂತರೆ ಮಾಡಿನ ಪಕಾಸಿಗೂ ಸಾಲದು ಮಾರಾಯ್ರೆ. ಊರಿನ ಗಾಳಿಮಳೆಯ ಸುದ್ದಿ ಬಂದ ಪೇಪರಿನ ತುಣುಕನ್ನೂ ಕಡತಕ್ಕೆ ಸೇರಿಸಿ.

• ಸರ್ವೇಯರ್ ಬಂದಾಗ ನೀವೇ ಮನೆಯಲ್ಲಿರಿ. ಆತ ಏನು ನೋಡುತ್ತಾನೆ ಗೊತ್ತೇ? ಹಂಚು ಒಡೆದ ಅಂಚನ್ನು. ಹೊಸದಾಗಿ ಒಡೆದದ್ದು ಒಳಗೆ ಕೆಂಪಗೆ ಇರುತ್ತದೆ, ಹಳೇ ಒಡಕಿನಲ್ಲಿ ಪಾಚಿ ಕೂತಿರುತ್ತದೆ. ರೀಪು ಮುರಿದಲ್ಲಿ ಸೀಳು ಬಂದಿದೆಯೋ, ಗೆದ್ದಲು ತಿಂದ ಪುಡಿ ಉದುರುತ್ತದೋ ಎಂದು ಬೆರಳಿಂದ ಕೆದಕುತ್ತಾನೆ. ಶೀಟು ಬೋಲ್ಟಿನ ಸುತ್ತ ಹರಿದಿದೆಯೋ, ತುಕ್ಕು ಹಿಡಿದ ಬೋಲ್ಟೇ ಕಳಚಿತೋ ಎಂದು ತಿರುಗಿಸಿ ನೋಡುತ್ತಾನೆ. ಗೋಡೆಯಲ್ಲಿ ಹಳದಿ ಬಳೆಬಳೆಯಾಗಿ ಕಲೆಯಿದ್ದರೆ ಅದು ಹಿಂದಿನ ಮಳೆಗಾಲದ ಸೋರಿಕೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ಹಳೇ ಸೋರಿಕೆಯನ್ನು ನೀವೇ ಬೇರೆಯಾಗಿ ತೋರಿಸಿಬಿಡಿ. ಸಂದಿನಲ್ಲಿ ಒಂದು ಸುಳ್ಳು ಸಿಕ್ಕಿದರೆ ನಿಜವಾದ ಹಾನಿಯನ್ನೂ ಆತ ಅನುಮಾನದಿಂದ ನೋಡುತ್ತಾನೆ.

• ದುರಸ್ತಿಯ ಅಂದಾಜುಪಟ್ಟಿ ಬಿಡಿಬಿಡಿಯಾಗಿರಲಿ. ‘ಮಾಡಿನ ಕೆಲಸ, ಒಟ್ಟು ಒಂದೂವರೆ ಲಕ್ಷ’ ಎಂದು ಬರೆದ ಚೀಟಿ ತಂದರೆ ಅದರಲ್ಲಿ ಕಡಿಯುವುದೇ ಅವರ ಕೆಲಸ. ಪಕಾಸು ಇಷ್ಟು, ರೀಪು ಇಷ್ಟು, ಹಂಚು ಇಷ್ಟು, ಬಡಗಿಯ ಸಂಬಳ ಇಷ್ಟು ಎಂದಿರಬೇಕು. ಮಂಗಳೂರು ಹಂಚಿನ ಎಷ್ಟೋ ಕಾರ್ಖಾನೆಗಳು ಬಾಗಿಲು ಹಾಕಿವೆ. ಒಂದು ಕಾರ್ಖಾನೆಯ ಹಂಚಿನ ಕಚ್ಚು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಜೋಡಿ ಸಿಗದೆ ಒಂದು ಪಕ್ಕದ ಮಾಡನ್ನೇ ಬದಲಿಸಬೇಕಾದರೆ ಆ ಕಾರಣವನ್ನು ಹಂಚಿನ ಅಂಗಡಿಯವರಿಂದ ಬರೆಸಿ ತನ್ನಿ. ಮುರುಕಲು ಸಾಗಿಸುವ ಖರ್ಚಿಗೆ ಗೃಹ ರಕ್ಷಾದಲ್ಲಿ ಕ್ಲೇಮ್ ಮೊತ್ತದ ಶೇ. 2ರವರೆಗೆ, ಎಂಜಿನಿಯರ್ ಶುಲ್ಕಕ್ಕೆ ಶೇ. 5ರವರೆಗೆ ಕೊಡುತ್ತಾರೆ. ನೀವಾಗಿ ಬರೆಯದಿದ್ದರೆ ಅವರಾಗಿ ನೆನಪಿಸುವುದಿಲ್ಲ.

• ಸಾಲ ಬಾಕಿಯಿದ್ದರೆ ಹಣ ಬ್ಯಾಂಕಿನ ಹೆಸರಿಗೆ ಬರಬಹುದು. ದುರಸ್ತಿಗೆ ಬಿಟ್ಟುಕೊಡಿ ಎಂದು ಮ್ಯಾನೇಜರಿಗೆ ಮೊದಲೇ ಅರ್ಜಿ ಕೊಟ್ಟಿಡಿ.

• ಕಡಿಮೆ ಮೊತ್ತಕ್ಕೆ ಅವಸರದಲ್ಲಿ ಸಹಿ ಹಾಕಬೇಡಿ. ಮುಂದಿಟ್ಟ ಕಾಗದದಲ್ಲಿ ‘ಪೂರ್ಣ ಮತ್ತು ಅಂತಿಮ’ ಎಂದಿದ್ದರೆ ಒಂದು ದಿನ ನಿಲ್ಲಿ, ಸರ್ವೇಯರನ ವರದಿಯ ಪ್ರತಿ ಕೇಳಿ, ಯಾವುದನ್ನು ಯಾಕೆ ಕಡಿದರು ಎಂದು ಸಾಲುಸಾಲಾಗಿ ಓದಿ. 2024ರ ನಿಯಮದಂತೆ ಸರ್ವೇ ವರದಿ ಕೈಸೇರಿದ 7 ದಿನದೊಳಗೆ ಕಂಪನಿ ತೀರ್ಮಾನ ಹೇಳಬೇಕು. ತಡವಾದರೆ ಬಾಯಿಮಾತಲ್ಲ, ಬರಹದಲ್ಲೇ ವಿಚಾರಿಸಿ.

• ಅಷ್ಟಾಗಿಯೂ ಆಗಲಿಲ್ಲವೆಂದರೆ ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ‘ಬಿಮಾ ಭರೋಸಾ’ ಪೋರ್ಟಲಿನಲ್ಲೂ ದೂರು ದಾಖಲಿಸಬಹುದು, ಅದರ ಸಹಾಯವಾಣಿ 155255. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ. 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಶುಲ್ಕವಿಲ್ಲ, ವಕೀಲರು ಬೇಡ, ಅಲ್ಲಿನ ತೀರ್ಪಿಗೆ ಕಂಪನಿ ಬದ್ಧವಾಗಿರಬೇಕು. ಆದರೆ ಕಂಪನಿ ನಿಮ್ಮ ದೂರನ್ನು ತಳ್ಳಿಹಾಕಿದ ಒಂದು ವರ್ಷದೊಳಗೆ ಹೋಗಬೇಕು. ಬೇಸರಪಟ್ಟು ಪತ್ರವನ್ನು ಕಪಾಟಿಗೆ ತಳ್ಳಬೇಡಿ, ಆ ವಾರವೇ ಅರ್ಜಿ ಬರೆಯಿರಿ.