ಎಳೆಗೂಸು ಮತ್ತು ಆ್ಯಂಟಿಬಯೋಟಿಕ್: ಪರೀಕ್ಷಾ ಟಿಪ್ಪಣಿ

ಹೂಡೆಯಂಥ ಕಡಲ ಕರೆಯ ಊರಿನಲ್ಲಿ ಮಳೆಗಾಲ ಹಿಡಿದರೆ ಮಕ್ಕಳಿಗೆ ಶೀತ, ಜ್ವರ, ಭೇದಿ ಮಾಮೂಲು. ಇವುಗಳಲ್ಲಿ ಹೆಚ್ಚಿನವು ವೈರಸ್‌ನಿಂದ ಬರುತ್ತವೆ. ಆ್ಯಂಟಿಬಯೋಟಿಕ್ ಮಣಿಸುವುದು ಬ್ಯಾಕ್ಟೀರಿಯಾವನ್ನು. ನೀರುಭೇದಿಗೆ ಮೊದಲ ಮದ್ದು ಒಆರ್‌ಎಸ್ ಮತ್ತು ಸತು.

ದೀರ್ಘಕಾಲದ ಪರಿಣಾಮ: ಮೊದಲ ಎರಡು ವರ್ಷಗಳಲ್ಲಿ ಕರುಳಿನ ಸೂಕ್ಷ್ಮಜೀವಿಗಳ ಸಮುದಾಯ ನೆಲೆಗೊಳ್ಳುತ್ತದೆ, ರೋಗನಿರೋಧಕ ವ್ಯವಸ್ಥೆ ಅದರಿಂದಲೇ ಪಳಗುತ್ತದೆ. ಔಷಧ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಬಿಡುವುದಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್ 2020ರಲ್ಲಿ 14,572 ಮಕ್ಕಳ ದಾಖಲೆ ಪರಿಶೀಲಿಸಿತು. ಸುಮಾರು ಶೇ 70ರಷ್ಟು ಮಕ್ಕಳಿಗೆ ಎರಡು ವರ್ಷದೊಳಗೆ ಒಮ್ಮೆಯಾದರೂ ಆ್ಯಂಟಿಬಯೋಟಿಕ್ ಸಿಕ್ಕಿತ್ತು. ಅವರಲ್ಲಿ ಆಸ್ತಮಾ, ಅಲರ್ಜಿ, ಬೊಜ್ಜು, ಎಡಿಎಚ್‌ಡಿ ಹೆಚ್ಚು ಕಂಡವು. ಇದು ಸಹಸಂಬಂಧ ಮಾತ್ರ, ಕಾರಣವೆಂದು ಸಾಬೀತಾಗಿಲ್ಲ. ಪ್ರತಿಪಾದನೆ–ಕಾರಣ ಮಾದರಿಯ ಪ್ರಶ್ನೆಯಲ್ಲಿ ಜಾಣರೂ ಎಡವುವುದು ಇಲ್ಲೇ.

ಹಾಗೆಂದು ಔಷಧವನ್ನೇ ದೂರುವಂತಿಲ್ಲ. ನವಜಾತ ಶಿಶುವಿಗೆ ನಂಜೇರಿದರೆ ಆಂಪಿಸಿಲಿನ್, ಜೆಂಟಾಮೈಸಿನ್ ತಡವಾದಷ್ಟೂ ಜೀವಕ್ಕೆ ಅಪಾಯ.

ನೆನಪಿಡಿ: ಕೆಲವು ಆ್ಯಂಟಿಬಯೋಟಿಕ್‌ಗಳ ಮಾರಾಟಕ್ಕೆ ಕಡಿವಾಣ ಹಾಕುವ ಶೆಡ್ಯೂಲ್ ಎಚ್1 ಜಾರಿಯಾದದ್ದು 2014ರ ಮಾರ್ಚ್ 1ರಂದು. ಮೆಡಿಕಲ್ ಶಾಪಿನವರು ಈ ಪಟ್ಟಿಯ ಔಷಧಗಳ ಮಾರಾಟದ ದಾಖಲೆಯನ್ನು ಮೂರು ವರ್ಷ ಇಡಬೇಕು. ಆ್ಯಂಟಿಬಯೋಟಿಕ್ ಪ್ರತಿರೋಧವನ್ನು (ಬ್ಯಾಕ್ಟೀರಿಯಾ ಔಷಧಕ್ಕೆ ಮಣಿಯದಂತಾಗುವುದು) ತಡೆಯುವ ಮೊದಲ ರಾಷ್ಟ್ರೀಯ ಕ್ರಿಯಾ ಯೋಜನೆ 2017ರದು. ಕೇರಳದ ರಾಜ್ಯ ಯೋಜನೆ 2018ರದು. ಈ ಪ್ರತಿರೋಧದ ಜಾಗೃತಿ ಸಪ್ತಾಹ ನವೆಂಬರ್ 18–24. ವಿಶ್ವ ಆರೋಗ್ಯ ಸಂಸ್ಥೆ ಆ್ಯಂಟಿಬಯೋಟಿಕ್‌ಗಳಿಗೆ ಮಾಡಿದ ‘ಅವೇರ್’ ವರ್ಗೀಕರಣ (2017) ಮೂರು ಗುಂಪಿನದು: ಆಕ್ಸೆಸ್, ವಾಚ್, ರಿಸರ್ವ್. ಅಮಾಕ್ಸಿಸಿಲಿನ್ ಮೊದಲನೆಯದರಲ್ಲಿ, ಅಜಿತ್ರೊಮೈಸಿನ್ ಎರಡನೆಯದರಲ್ಲಿ.