ಅಗ್ಗದ ಹಳಿ, ದುಬಾರಿ ಸಂಧಿ: ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಕಲಿಸುವ ಪಾಠ

ಬಂಡವಾಳ ಹೂಡುವಾಗ ಆರಂಭಿಕ ವೆಚ್ಚವನ್ನಷ್ಟೇ ಲೆಕ್ಕಿಸಿ ನಿತ್ಯದ ವೆಚ್ಚವನ್ನು ಕಡೆಗಣಿಸಿದರೆ ಆಗುವ ಪರಿಣಾಮಕ್ಕೆ ಈ ಭಾಗದ ರೈಲುಮಾರ್ಗಗಳ ಚರಿತ್ರೆಯೇ ನಿದರ್ಶನ.

ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕೊನೆಯ ದಶಕದಲ್ಲಿ ಬೆಂಗಳೂರು–ಗುಂತಕಲ್ಲು ಮೀಟರ್‌ಗೇಜ್ ಮಾರ್ಗವು ಗೌರಿಬಿದನೂರನ್ನು ಮುಟ್ಟಿತು. ಸರಕು ಕಡಿಮೆಯಿರುವ ಪ್ರದೇಶಗಳಿಗೆ ಎರಡೂವರೆ ಅಡಿಯ ನ್ಯಾರೋಗೇಜ್ ಸಾಕೆಂಬ ವಾದವೂ ಅದೇ ದಶಕದಲ್ಲಿ ಬಲಗೊಂಡಿತು. ಮಹಾರಾಷ್ಟ್ರದ ಬಾರ್ಶಿ ಲೈಟ್ ರೈಲ್ವೆಯನ್ನು 1897ರಲ್ಲಿ ಖಾಸಗಿ ಕಂಪನಿಯೊಂದು ಹೀಗೆಯೇ ಆರಂಭಿಸಿತು.

ಮೈಸೂರು ಸಂಸ್ಥಾನದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912–18) ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಕಂಪನಿಯೂ ಇದೇ ಅಳತೆಯನ್ನು ಆರಿಸಿಕೊಂಡಿತು. ಯಶವಂತಪುರದಿಂದ ಯಲಹಂಕ, ದೇವನಹಳ್ಳಿಗಳ ಮೂಲಕ ಅದರ ಹಳಿಗಳು 1915–16ರ ಸುಮಾರಿಗೆ ಚಿಕ್ಕಬಳ್ಳಾಪುರವನ್ನು ತಲುಪಿದವು. ಪೂರ್ವದಲ್ಲಿ ಬೌರಿಂಗ್‌ಪೇಟೆಯಿಂದ (ಇಂದಿನ ಬಂಗಾರಪೇಟೆ) 1913ರಲ್ಲಿ ಕೋಲಾರಕ್ಕೆ ಬಂದ ಜಿಲ್ಲಾ ಬೋರ್ಡಿನ ನ್ಯಾರೋಗೇಜ್ ಮಾರ್ಗವು ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಇದನ್ನು ಕೂಡಿಕೊಂಡಿತು.

ಕಿರಿದಾದ ಹಳಿಗೆ ಭೂಮಿ ಕಡಿಮೆ ಸಾಕು, ತಿರುವುಗಳು ಬಿಗಿಯಾಗಿರಬಹುದು, ಸೇತುವೆಗಳು ಹಗುರವಾಗಿರಬಹುದು. ಆದರೆ ಯಶವಂತಪುರದಲ್ಲಿ ಮೀಟರ್‌ಗೇಜ್, ಬೌರಿಂಗ್‌ಪೇಟೆಯಲ್ಲಿ ಬ್ರಾಡ್‌ಗೇಜ್ ಇದ್ದುದರಿಂದ ನ್ಯಾರೋಗೇಜಿನ ವ್ಯಾಗನ್ನು ಎರಡೂ ತುದಿಗಳಲ್ಲಿ ನಿಲ್ಲಲೇಬೇಕಿತ್ತು. ಗೌರಿಬಿದನೂರಿನಿಂದ ಹುಬ್ಬಳ್ಳಿಗೆ ಮೀಟರ್‌ಗೇಜಿನಲ್ಲಿಯೇ ಹೋಗುವ ಮೂಟೆಗೆ ಹೇರುವುದು, ಇಳಿಸುವುದು ಎಂಬ ಎರಡೇ ಕೆಲಸ. ಶಿಡ್ಲಘಟ್ಟದಿಂದ ಮದರಾಸಿಗೆ ಹೋಗುವ ಮೂಟೆಯನ್ನು ಬೌರಿಂಗ್‌ಪೇಟೆಯಲ್ಲಿ ಇಳಿಸಿ ಮತ್ತೆ ಹೇರಬೇಕಾದ್ದರಿಂದ ನಾಲ್ಕು ಕೆಲಸ. ಹಮಾಲಿ ಕೂಲಿ, ಕಾಯುವ ಸಮಯ, ಸೋರಿಕೆ ಎಲ್ಲವೂ ಸರಕಿನ ಬೆಲೆಗೆ ಸೇರುತ್ತಿದ್ದವು. ಅಂಗಡಿಯ ಬಾಗಿಲಿನಿಂದ ಬಾಗಿಲಿಗೆ ಸಾಗಿಸುವ ಲಾರಿ ಬಂದಾಗ ಈ ಮಾರ್ಗವು ಪೈಪೋಟಿಯಲ್ಲಿ ಹಿಂದೆ ಬಿದ್ದದ್ದು ಸಹಜ.

ಕೊನೆಗೆ ಅಗಲವಾದ ಹಳಿಯನ್ನೇ ಹಾಕಬೇಕಾಯಿತು. ಕೋಲಾರ–ಚಿಕ್ಕಬಳ್ಳಾಪುರ ನಡುವಣ ಬ್ರಾಡ್‌ಗೇಜ್ ಕಾರ್ಯ 2013ರಲ್ಲಿ ಪೂರ್ಣಗೊಂಡಿತು. ಒಂದು ಶತಮಾನದೊಳಗೆ ಒಂದೇ ದಾರಿಗೆ ಎರಡು ಬಾರಿ ಬಂಡವಾಳ ಹೂಡಿದಂತಾಯಿತು.

ಆದರೂ ಕಂಪನಿಯ ನಿರ್ಧಾರ ಅವಿವೇಕವೆನ್ನಲಾಗದು. ಕಡಿಮೆ ವೆಚ್ಚದ ಹಳಿಯಿಂದಲೇ ಈ ಊರುಗಳಿಗೆ ಅಷ್ಟು ಬೇಗ ರೈಲು ದೊರೆಯಿತು. ಅಗ್ಗದ ಆಯ್ಕೆ ತಪ್ಪಲ್ಲ. ಅದು ಇತರರ ವ್ಯವಸ್ಥೆಯೊಡನೆ ಸೇರುವ ಸ್ಥಳದ ಖರ್ಚನ್ನು ಲೆಕ್ಕಕ್ಕೆ ಹಿಡಿಯದಿರುವುದು ತಪ್ಪು. ಹೊಸ ಯಂತ್ರವನ್ನೋ ಪ್ಯಾಕಿಂಗ್ ಅಳತೆಯನ್ನೋ ಆರಿಸುವ ಸಣ್ಣ ಉದ್ಯಮಿಯು ಬೆಲೆಪಟ್ಟಿಯ ಜೊತೆಗೆ ಒಂದು ಪ್ರಶ್ನೆಯನ್ನೂ ಇಟ್ಟುಕೊಳ್ಳುವುದು ಒಳಿತು: ಕೊಡುವವರಿಂದ ಕೊಳ್ಳುವವರವರೆಗೆ ತನ್ನ ಸರಕು ಎಷ್ಟು ಬಾರಿ ಕೈ ಬದಲಾಯಿಸಬೇಕಾಗುತ್ತದೆ?